ಮಾಲೀಕರನ್ನು ಬೈಯುವ ಅಭಿಮಾನಿಗಳು ತಂಡವನ್ನೇ ಯಾಕೆ ಬಿಡುವುದಿಲ್ಲ?

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಮಾಲೀಕರಾದ ಗ್ಲೇಜರ್ ಕುಟುಂಬವನ್ನು ಬೈಯುವವರೇ ಮುಂದಿನ ವಾರ ಟಿಕೆಟ್ ತೆಗೆದುಕೊಂಡು ಹೋಗಿ ಕೂರುತ್ತಾರೆ, ಇದೆಲ್ಲ ಸೋತಾಗಿನ ಸಿಟ್ಟು ಅಷ್ಟೇ ತಾನೆ, ಇಲ್ಲದಿದ್ದರೆ ತಂಡವನ್ನೇ ಬಿಡಬೇಕಿತ್ತಲ್ಲ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಕೂತು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಈ ತಂಡದ ಆಟ ನೋಡುತ್ತಾ ಬಂದವನು ನಾನು. ಸೋತ ಸಿಟ್ಟು ಅನ್ನುವ ಮಾತನ್ನು ಒಪ್ಪಲಾರೆ.

ತಾರೀಖುಗಳನ್ನೇ ನೋಡಿ. ಮಾಲೀಕರ ವಿರುದ್ಧದ ಪ್ರತಿಭಟನೆಯ ಗುರುತಾದ ಹಸಿರು ಮತ್ತು ಹೊಂಬಣ್ಣದ ಸ್ಕಾರ್ಫ್‌ಗಳು ತಂಡದ ಮೈದಾನವಾದ ಓಲ್ಡ್ ಟ್ರಾಫರ್ಡ್ ತುಂಬಾ ಕಾಣಿಸಿಕೊಂಡದ್ದು 2010ರ ಆರಂಭದಲ್ಲಿ. ಆಗ ತಂಡ 2007, 2008, 2009, ಮೂರು ವರ್ಷ ಸತತವಾಗಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಿತ್ತು. 2008ರಲ್ಲಿ ಮಾಸ್ಕೋದಲ್ಲಿ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಕಪ್ ಕೂಡ ಎತ್ತಿತ್ತು. ಅಂಥ ಗೆಲುವಿನ ಕಾಲದಲ್ಲೂ ಜನ ಬೀದಿಗಿಳಿದರು ಅಂದರೆ ಕಾರಣ ಮೈದಾನದಲ್ಲಿರಲಿಲ್ಲ, ಲೆಕ್ಕದ ಪುಸ್ತಕದಲ್ಲಿತ್ತು.

2005ರಲ್ಲಿ ಮಾಲ್ಕಮ್ ಗ್ಲೇಜರ್ ಸುಮಾರು 79 ಕೋಟಿ ಪೌಂಡ್‌ಗೆ ಕ್ಲಬ್ ಕೊಂಡರು. ಅದರಲ್ಲಿ ದೊಡ್ಡ ಪಾಲು ಸಾಲದ ಹಣ, ಮತ್ತು ಆ ಸಾಲದ ಬಹುಪಾಲು ಬಂದು ಬಿದ್ದದ್ದು ಕ್ಲಬ್ಬಿನ ತಲೆಯ ಮೇಲೆ. ಅದುವರೆಗೆ ಕ್ಲಬ್ಬಿಗೆ ಸಾಲವೇ ಇರಲಿಲ್ಲ. ಯಾರೋ ಊರ ಕೆರೆಯನ್ನೇ ಅಡವಿಟ್ಟು, ಬಂದ ದುಡ್ಡಿನಲ್ಲಿ ಅದೇ ಕೆರೆಯನ್ನು ಕೊಂಡು, ಕಂತನ್ನು ನೀರು ಕುಡಿಯುವವರಿಂದ ಕಟ್ಟಿಸಿದ ಹಾಗೆ. 2010ರ ಜನವರಿಯಲ್ಲಿ ಹಳೆ ಸಾಲ ತೀರಿಸಲು ಸುಮಾರು 50 ಕೋಟಿ ಪೌಂಡ್‌ನ ಬಾಂಡ್ ಬಿಟ್ಟಾಗ ಕ್ಲಬ್ಬಿನ ಸ್ಥಿತಿ ಎಲ್ಲರಿಗೂ ಗೊತ್ತಾಯಿತು. ಸ್ಕಾರ್ಫ್‌ಗಳು ಬಂದದ್ದು ಅದರ ಬೆನ್ನಿಗೆ.

ನಿಮ್ಮ ಪ್ರಶ್ನೆಯ ನಿಜವಾದ ತಿರುಳು ಇರುವುದು ಅಭಿಮಾನಿಗಳೊಳಗಿನ ಜಗಳದಲ್ಲಿ. 2005ರಲ್ಲೇ ಒಂದು ಗುಂಪು ನೀವು ಹೇಳಿದಂತೆಯೇ ಮಾಡಿತು, ಬಿಟ್ಟು ಹೊರಟಿತು. ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂಬ ತಮ್ಮದೇ ಕ್ಲಬ್ ಕಟ್ಟಿ ಹತ್ತನೇ ಹಂತದ ಲೀಗ್‌ನಿಂದ ಆಡಲು ಶುರುಮಾಡಿದರು. ಅಲ್ಲಿ ಒಬ್ಬ ಸದಸ್ಯನಿಗೆ ಒಂದೇ ಓಟು, ಎಷ್ಟೇ ದುಡ್ಡಿದ್ದರೂ. ಹತ್ತು ವರ್ಷದ ಮೇಲೆ, 2015ರಲ್ಲಿ, ಮ್ಯಾಂಚೆಸ್ಟರ್‌ನದೇ ಮೋಸ್ಟನ್‌ನಲ್ಲಿ ಬ್ರಾಡ್‌ಹರ್ಸ್ಟ್ ಪಾರ್ಕ್ ಎಂಬ ಸ್ವಂತ ಮೈದಾನವೂ ಆಯಿತು. ನನಗೆ ಅವರ ಮೇಲೆ ಅಪಾರ ಗೌರವ. ಆದರೆ ಉಳಿದವರಲ್ಲಿ ಕೆಲವರು ಅವರನ್ನು ದ್ರೋಹಿಗಳೆಂದರು. ಹೋದವರಲ್ಲಿ ಕೆಲವರು, ಟಿಕೆಟ್ ಕೊಳ್ಳುವ ನೀವೇ ಗ್ಲೇಜರ್‌ಗಳ ಕಂತು ಕಟ್ಟುತ್ತಿದ್ದೀರಿ ಅಂದರು. ಎರಡನೆಯ ಮಾತು ಲೆಕ್ಕದಲ್ಲಿ ಸರಿ. ಆದರೂ ಅಪ್ಪನ ಕೈಹಿಡಿದು ಮೊದಲ ಸಲ ಹತ್ತಿದ ಮೆಟ್ಟಿಲು, ಮೂವತ್ತು ವರ್ಷ ಪಕ್ಕದಲ್ಲಿ ಕೂತ ಅದೇ ಮುಖಗಳು, ಇವನ್ನು ಯಾರೋ ಸಾಲ ಮಾಡಿದರು ಅಂತ ಬಿಟ್ಟುಕೊಡುವುದು ಹೇಗೆ? ಉಳಿದವರು ಮಾಲೀಕರ ಪರ ಅಂತ ತಿಳಿಯುವುದು ದೊಡ್ಡ ತಪ್ಪು.

ಆ ಸ್ಕಾರ್ಫ್ ನನಗೆ ಇಷ್ಟವಾಗುವುದು ಇದಕ್ಕೇ. ಹಸಿರು-ಹೊನ್ನು 1878ರಲ್ಲಿ ರೈಲ್ವೆ ಕೆಲಸಗಾರರು ಕಟ್ಟಿದ ನ್ಯೂಟನ್ ಹೀತ್‌ನ ಬಣ್ಣ, ಅಂದರೆ ಯುನೈಟೆಡ್‌ನ ಮೂಲ ಬಣ್ಣ. ಅದನ್ನು ಹಾಕಿಕೊಂಡರೆ ಒಳಗೆ ಕೂತೇ ‘ಇದು ನಮ್ಮದು, ನಿಮ್ಮದಲ್ಲ’ ಅಂದಂತೆ. 2010ರ ಮಾರ್ಚ್‌ನಲ್ಲಿ ಇಟಲಿಯ ಎಸಿ ಮಿಲಾನ್ ಪರ ಆಡಲು ಬಂದಿದ್ದ, ಯುನೈಟೆಡ್‌ನ ಹಳೆಯ ಆಟಗಾರ ಡೇವಿಡ್ ಬೆಕ್‌ಹ್ಯಾಮ್ ಕೂಡ ಪಂದ್ಯ ಮುಗಿದ ಮೇಲೆ ಅದನ್ನು ಕೊರಳಿಗೆ ಸುತ್ತಿಕೊಂಡರು.

2021ರ ಮೇ 2 ನನಗೆ ಚೆನ್ನಾಗಿ ನೆನಪಿದೆ. ಇಲ್ಲಿ ಕೋವಿಡ್‌ನ ಎರಡನೇ ಅಲೆ, ಎಲ್ಲರೂ ಮನೆಯೊಳಗೆ. ಲಿವರ್‌ಪೂಲ್ ಜೊತೆಗಿನ ಪಂದ್ಯಕ್ಕೆ ರಾತ್ರಿ ಒಂಬತ್ತಕ್ಕೆ ಟಿವಿ ಮುಂದೆ ಕಾಯುತ್ತಿದ್ದರೆ ಆಟವೇ ಶುರುವಾಗಲಿಲ್ಲ. ಎರಡು ವಾರದ ಹಿಂದಷ್ಟೇ ಮಾಲೀಕರು ಅಭಿಮಾನಿಗಳನ್ನು ಒಂದು ಮಾತೂ ಕೇಳದೆ, ದೊಡ್ಡ ಕ್ಲಬ್‌ಗಳು ಬೇರೆಯಾಗಿ ಕಟ್ಟಿಕೊಳ್ಳಲು ಹೊರಟಿದ್ದ ಯುರೋಪಿಯನ್ ಸೂಪರ್ ಲೀಗ್‌ಗೆ ಸಹಿ ಹಾಕಿದ್ದರು. ಆ ಕೋಪದಲ್ಲಿ ಜನ ಮೈದಾನಕ್ಕೇ ನುಗ್ಗಿದ್ದರು, ಪಂದ್ಯ ಮುಂದಕ್ಕೆ ಹೋಯಿತು. ನನ್ನ ಗೆಳೆಯನೊಬ್ಬ ಫೋನ್ ಮಾಡಿ ಇದು ಗೂಂಡಾಗಿರಿ ಅಂದ. ಪೊಲೀಸರಿಗೆ ಪೆಟ್ಟಾದದ್ದು ತಪ್ಪು ಅಂತ ನಾನೂ ಒಪ್ಪಿದೆ. ಆದರೆ ಹದಿನಾರು ವರ್ಷ ಹಾಡಿ, ಬರೆದು, ಮೆರವಣಿಗೆ ಮಾಡಿ ಸಿಗದ ಗಮನ ಆ ಒಂದೇ ದಿನ ಸಿಕ್ಕಿತು ಅನ್ನುವುದೂ ನಿಜ.

ಮ್ಯಾಂಚೆಸ್ಟರ್ ಕಂಡಿರದ ನಿಮಗೇಕೆ ಈ ಉಸಾಬರಿ ಅಂತ ನನಗೂ ಹೇಳಿದವರಿದ್ದಾರೆ. ಟಿವಿ ಹಕ್ಕು, ಜರ್ಸಿ, ಪ್ರಾಯೋಜಕರ ಹಣ, ಇವುಗಳಲ್ಲಿ ನಮ್ಮಂಥವರ ಪಾಲೂ ಇದೆ. ಅದಕ್ಕೇ 2010ರಿಂದ ನಾನು ಕ್ಲಬ್ಬಿನ ಅಂಗಡಿಯ ಒಂದು ಜರ್ಸಿಯನ್ನೂ ಕೊಂಡಿಲ್ಲ. ಪಂದ್ಯ ನೋಡುವುದನ್ನು ಮಾತ್ರ ಬಿಡಲಾಗಿಲ್ಲ.

2024ರಲ್ಲಿ ಬ್ರಿಟನ್ನಿನ ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಷೇರು ಕೊಂಡು ಆಟದ ಉಸ್ತುವಾರಿ ವಹಿಸಿಕೊಂಡ ಮೇಲೆ ಜಗಳ ಹೊಸ ದಾರಿ ಹಿಡಿದಿದೆ. ಊರಿನ ಮನುಷ್ಯ, ಕಾಲಾವಕಾಶ ಕೊಡಿ ಅನ್ನುವವರು ಒಂದು ಕಡೆ. ಅದೇ ವರ್ಷ ನಡುಸೀಸನ್‌ನಲ್ಲಿ ಸದಸ್ಯರ ಟಿಕೆಟ್ಟನ್ನು, ಮಕ್ಕಳಿಗೂ ವೃದ್ಧರಿಗೂ ರಿಯಾಯಿತಿ ಇಲ್ಲದೆ, 66 ಪೌಂಡ್‌ಗೆ ಏರಿಸಿದ್ದನ್ನು ತೋರಿಸುವವರು ಇನ್ನೊಂದು ಕಡೆ. ನಾನು ಈ ಎರಡನೆಯವರ ಕಡೆ. ಸಾಲ ಹಾಗೇ ಇದೆ, ಗ್ಲೇಜರ್‌ಗಳೂ ಹಾಗೇ ಇದ್ದಾರೆ, ಹೆಚ್ಚು ದುಡ್ಡು ಕೊಡಬೇಕಾದದ್ದು ಮಾತ್ರ ಅಪ್ಪನ ಜೊತೆ ಬರುವ ಆ ಹುಡುಗ.