ಕಾನೂನು ಪದವಿಯಲ್ಲಿ ಗೈಡ್ ಜೊತೆ ಆನರ್ಸ್ ಪ್ರಬಂಧ ಬರೆಯುವುದು ಹೇಗೆ?

ಮೊದಲು ವಿಷಯವನ್ನು ಒಂದೇ ಪ್ರಶ್ನೆಗೆ ಇಳಿಸಿ. ‘ಖಾಸಗಿತನದ ಹಕ್ಕು’ ಅಂದರೆ ಅದು ಸಮುದ್ರ. ‘ನೌಕರರ ಮೊಬೈಲ್ ಮೆಸೇಜನ್ನು ಮಾಲೀಕರು ಓದಬಹುದೇ?’ ಅಂದರೆ ಕೈಗೆ ಸಿಗುತ್ತದೆ. ಗೈಡ್ ಆರಿಸುವಾಗ ದೊಡ್ಡ ಹೆಸರಿಗಿಂತ ನಿಮ್ಮ ಕರಡು ಓದಲು ಸಮಯ ಇರುವವರನ್ನು ನೋಡಿ. ಭೇಟಿಗೆ ಬರಿಗೈಲಿ ಹೋಗಬೇಡಿ, ಎರಡು ಪುಟವಾದರೂ ಬರೆದು ಮೊದಲೇ ಕಳಿಸಿ. ಅವರು ದಾರಿ ತೋರಿಸುತ್ತಾರೆ, ವಾದ ನಿಮ್ಮದೇ ಆಗಿರಬೇಕು.

ತೀರ್ಪುಗಳ ಸಾರಾಂಶವನ್ನು ಸುಮ್ನೆ ಜೋಡಿಸಿದರೆ ಸಾಲದು. ತರ್ಕ ಎಲ್ಲಿ ಸಡಿಲವಾಗಿದೆ ಅಂತ ತೋರಿಸಬೇಕು, ಅಲ್ವಾ? ಅದಕ್ಕೇ ಭಿನ್ನಮತದ ತೀರ್ಪುಗಳನ್ನು, ಅಂದರೆ ಬಹುಮತವನ್ನು ಒಪ್ಪದ ನ್ಯಾಯಾಧೀಶರು ಬರೆದದ್ದನ್ನು, ತಪ್ಪದೆ ಓದಿ. ವಾದದ ಬೀಜ ಜಾಸ್ತಿ ಸಿಗುವುದು ಅಲ್ಲೇ. ನೀವು ನೆಚ್ಚಿದ ತೀರ್ಪನ್ನು ಮೇಲಿನ ಕೋರ್ಟು ತಳ್ಳಿಹಾಕಿಲ್ಲ ತಾನೇ? ಸಲ್ಲಿಸುವ ಮುಂಚೆ ಮತ್ತೊಮ್ಮೆ ನೋಡಿ. ಜನರನ್ನು ಸಂದರ್ಶಿಸುವುದಿದ್ದರೆ ಎಥಿಕ್ಸ್ ಸಮಿತಿಯ (ಸಂಶೋಧನೆಯ ನೈತಿಕತೆ ನೋಡುವ ಸಮಿತಿ) ಒಪ್ಪಿಗೆ ಬೇಕಾಗಬಹುದು, ಬೇಗ ಕೇಳಿ. ಅಡಿಟಿಪ್ಪಣಿಯನ್ನು ಅಂದಂದೇ ಹಾಕಿ.