ಹಿಮ್ಮಡಿಯ ಮುಳ್ಳು ಶಾಕ್‌ವೇವ್‌ನಿಂದ ಪುಡಿಯಾಗುವುದಿಲ್ಲ

ಪ್ರಶ್ನೆ: ನನಗೆ 46 ವರ್ಷ, ನಿತ್ಯ ಓಡುವ ಅಭ್ಯಾಸವಿದೆ. ಎರಡು ತಿಂಗಳಿಂದ ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರುವಾಗ ಎಡ ಹಿಮ್ಮಡಿ ಚುಚ್ಚುತ್ತದೆ. ಎಕ್ಸ್‌ರೇ ನೋಡಿ ಮೂಳೆ ಬೆಳೆದಿದೆ ಎಂದರು. ಹತ್ತು ಸಿಟ್ಟಿಂಗ್ ಶಾಕ್‌ವೇವ್ (ಯಂತ್ರದಿಂದ ಆಘಾತದ ಅಲೆಗಳನ್ನು ಹಾಯಿಸುವ ಚಿಕಿತ್ಸೆ) ಕೊಟ್ಟರೆ ಅದು ಪುಡಿಯಾಗುತ್ತದೆ ಎಂದು ಒಂದು ಚಿಕಿತ್ಸಾ ಕೇಂದ್ರದವರು ಮುಂಗಡ ಹಣ ಕೇಳುತ್ತಿದ್ದಾರೆ. ಮಾಡಿಸಬಹುದೇ?

ಉತ್ತರ: ಈಗ ಬೇಡ, ಮುಂಗಡವನ್ನಂತೂ ಕಟ್ಟಲೇಬೇಡಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ವಿವರವಾಗಿಯೇ ಹೇಳುತ್ತೇನೆ. ಹಿಮ್ಮಡಿಯ ಮುಳ್ಳು, ಅಂದರೆ ಹಾಗೆ ಬೆಳೆದ ಮೂಳೆ, ಯಾವ ನೋವೂ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲಿ ಕಾಣುತ್ತದೆ. ನೀವು ಹೇಳುವ ಲಕ್ಷಣ ನೋಡಿದರೆ ನೋಯುತ್ತಿರುವುದು ಹಿಮ್ಮಡಿಯ ಮೂಳೆಗೆ ಅಂಟಿಕೊಂಡ ಅಂಗಾಲಿನ ದಪ್ಪ ಪಟ್ಟಿ, ಅಂದರೆ ಪ್ಲಾಂಟಾರ್ ಫೇಸಿಯಾ. 1980ರಲ್ಲಿ ಮ್ಯೂನಿಕ್‌ನಲ್ಲಿ ಇಂಥ ಅಲೆಗಳಿಂದ ಮೂತ್ರಪಿಂಡದ ಕಲ್ಲನ್ನು ಮೊದಲ ಬಾರಿಗೆ ಒಡೆದದ್ದು ನಿಜ. ಆದರೆ ಆ ಮಾತನ್ನು ಹಿಮ್ಮಡಿಗೆ ಹೊಂದಿಸಿ ಹೇಳುವುದು ಜನರ ದಾರಿ ತಪ್ಪಿಸುವ ಕೆಲಸ. ಇಲ್ಲಿ ಬಳಸುವ ಶಕ್ತಿ ತೀರಾ ಕಡಿಮೆ. ಮಾಯದೆ ಉಳಿದ ಜಾಗದಲ್ಲಿ ನೋವಿನ ಸಂವೇದನೆಯನ್ನು ತಗ್ಗಿಸಿ, ಅಂಗಾಂಶದ ದುರಸ್ತಿಯನ್ನು ಪ್ರಚೋದಿಸುವುದಷ್ಟೇ ಅದರ ಉದ್ದೇಶ. ಮುಳ್ಳು ಇದ್ದಲ್ಲೇ ಇರುತ್ತದೆ, ಎಷ್ಟೋ ಜನರಲ್ಲಿ ನೋವು ತಗ್ಗುತ್ತದೆ.

ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2000ದಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಾಗಲೂ, ಆರು ತಿಂಗಳು ಮೀರಿದ, ಬೇರೆ ಚಿಕಿತ್ಸೆಗೆ ಬಗ್ಗದ ನೋವಿಗೆ ಮಾತ್ರ ಎಂದೇ ಹೇಳಿತ್ತು. ನಿಮ್ಮದು ಎರಡು ತಿಂಗಳ ನೋವು. ಓಟದ ದೂರವನ್ನು ತಗ್ಗಿಸಿ. ಮೆಟ್ಟಿಲ ಅಂಚಿನಲ್ಲಿ, ಕಾಲ್ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ನೋಯುವ ಕಾಲೊಂದರ ಮೇಲೆ ನಿಂತು ಮೂರು ಸೆಕೆಂಡಿನಲ್ಲಿ ಹಿಮ್ಮಡಿಯನ್ನು ಎತ್ತಿ, ಎರಡು ಸೆಕೆಂಡು ತಡೆದು, ಮೂರು ಸೆಕೆಂಡಿನಲ್ಲಿ ಇಳಿಸಿ. ಇದನ್ನು 12 ಸಲದಂತೆ ಮೂರು ಸುತ್ತು, ದಿನ ಬಿಟ್ಟು ದಿನ ಮಾಡಿ. ಸುಲಭವೆನಿಸಿದ ಮೇಲೆ ಬೆನ್ನಿಗೆ ಭಾರದ ಚೀಲ ಹಾಕಿಕೊಳ್ಳಿ. ವಾರ ಮಾಡಿ ಬಿಟ್ಟು, ಗುಣವಾಗಲಿಲ್ಲ ಎಂದು ಬರೆಯಬೇಡಿ. ಇದಕ್ಕೆ ಮೂರು ತಿಂಗಳಾದರೂ ಬೇಕು.

ಆಮೇಲೂ ನೋವು ಉಳಿದರೆ ಶಾಕ್‌ವೇವ್ ಒಳ್ಳೆಯ ಆಯ್ಕೆ, ಆಗಲೂ ವ್ಯಾಯಾಮವನ್ನು ನಿಲ್ಲಿಸುವಂತಿಲ್ಲ. ವಾರಕ್ಕೊಂದರಂತೆ ಮೂರರಿಂದ ಐದು ಸಿಟ್ಟಿಂಗ್, ಪ್ರತಿ ಸಲ ಸುಮಾರು 2,000 ಬಡಿತಗಳು ಸಾಕು. ಬಲ್ಲವರು ಮೊದಲು ಹೆಬ್ಬೆರಳಿನಿಂದ ಒತ್ತಿ ಅತಿ ಹೆಚ್ಚು ನೋಯುವ ಜಾಗವನ್ನು ಹುಡುಕುತ್ತಾರೆ, ಜೆಲ್ ಹಚ್ಚಿ ಪ್ರೋಬನ್ನು (ಅಲೆ ಹೊಮ್ಮಿಸುವ ಯಂತ್ರದ ತುದಿಯನ್ನು) ಅಲ್ಲಿಯೇ ಇಡುತ್ತಾರೆ, ನಿಮ್ಮನ್ನು ಕೇಳುತ್ತ ಒತ್ತಡವನ್ನು ಹಂತಹಂತವಾಗಿ ಏರಿಸುತ್ತಾರೆ. ಆ ಜಾಗವನ್ನು ಮರಗಟ್ಟಿಸಲು ಇಂಜೆಕ್ಷನ್ ಕೊಡಿಸಿಕೊಳ್ಳಬೇಡಿ; ಅದರಿಂದ ಫಲ ಕುಗ್ಗುತ್ತದೆ. ಪರಿಣಾಮವನ್ನು ಅಳೆಯಬೇಕಾದದ್ದು ಕೊನೆಯ ಸಿಟ್ಟಿಂಗ್ ಮುಗಿದು ಆರರಿಂದ ಹನ್ನೆರಡು ವಾರಗಳ ನಂತರ. ಹೀಗಿರುವಾಗ, ಕಾಲನ್ನು ಮುಟ್ಟಿಯೂ ನೋಡದೆ ಹತ್ತು ಸಿಟ್ಟಿಂಗ್ ಮಾರುವವರು ಚಿಕಿತ್ಸೆ ಮಾಡುತ್ತಿಲ್ಲ, ವ್ಯಾಪಾರ ಮಾಡುತ್ತಿದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಆ ಜಾಗದಲ್ಲಿ ಸೋಂಕು ಅಥವಾ ಗಡ್ಡೆ ಇದ್ದರೆ, ಕಳೆದ ಆರು ವಾರಗಳಲ್ಲಿ ಅಲ್ಲಿಗೆ ಸ್ಟಿರಾಯ್ಡ್ ಚುಚ್ಚಿಸಿಕೊಂಡಿದ್ದರೆ, ಅವರು ಕೇಳದಿದ್ದರೂ ನೀವೇ ಹೇಳಿ. ಗರ್ಭಿಣಿಯರಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಪ್ರಶ್ನೆ: ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿಗೆ ಶಾಖ ಕೊಟ್ಟರೆ ಸಾಲದೇ? ನನಗೆ ಸಕ್ಕರೆ ಕಾಯಿಲೆಯೂ ಇದೆ.

ಉತ್ತರ: ದಯವಿಟ್ಟು ಇಂದೇ ನಿಲ್ಲಿಸಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದ ಅಂಗಾಲು ಸುಟ್ಟರೂ ತಿಳಿಯುವುದಿಲ್ಲ, ಆ ಹುಣ್ಣು ಕಾಲನ್ನೇ ಕಳೆಯಬಹುದು.

ಪ್ರಶ್ನೆ: ಮಂಡಿ ಸವೆದಿದೆ, ಶಾಕ್‌ವೇವ್‌ನಿಂದ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ಭುಜದ ಸ್ನಾಯುರಜ್ಜುವಿನಲ್ಲಿ ಕ್ಯಾಲ್ಸಿಯಂ ಕಟ್ಟಿದೆ. ಅದಕ್ಕೂ ಉಪಯೋಗವಿಲ್ಲವೇ?

ಉತ್ತರ: ಅದಕ್ಕೆ ಉಪಯೋಗವಿದೆ. ಅಲ್ಲಿ ಕಟ್ಟಿದ ಕ್ಯಾಲ್ಸಿಯಂ ಎಷ್ಟೋ ಜನರಲ್ಲಿ ಕರಗಿ ಹೋಗುತ್ತದೆ. ಅಲೆಗಳನ್ನು ಒಂದೇ ಬಿಂದುವಿಗೆ ಕೇಂದ್ರೀಕರಿಸಿ ಆಳಕ್ಕೆ ತಲುಪಿಸುವ ಫೋಕಸ್ಡ್ ಯಂತ್ರ ಇರುವ ಕಡೆ ಮಾಡಿಸಿ.

ಪ್ರಶ್ನೆ: ಕ್ರಿಕೆಟ್ ಆಡುವ ನನ್ನ 12 ವರ್ಷದ ಮಗನಿಗೆ ಹಿಮ್ಮಡಿ ನೋವು. ಶಾಕ್‌ವೇವ್ ಕೊಡಿಸಲೇ?

ಉತ್ತರ: ಬೇಡ. ಆ ವಯಸ್ಸಿನಲ್ಲಿ ಹಿಮ್ಮಡಿಯ ಬೆಳೆಯುವ ಪದರ ಇನ್ನೂ ಮುಚ್ಚಿರುವುದಿಲ್ಲ, ಅದರ ಮೇಲೆ ಈ ಯಂತ್ರವನ್ನು ಇಡಬಾರದು. ನೋವು ತಗ್ಗುವವರೆಗೆ ಬೌಲಿಂಗ್ ಮತ್ತು ಓಟವನ್ನು ಕಡಿಮೆ ಮಾಡಿಸಿ, ಮಕ್ಕಳ ಮೂಳೆ ತಜ್ಞರಿಗೆ ತೋರಿಸಿ.