ಸೆನ್ಸರ್ ಮೊದಲು ಎಲ್ಲಿ ಬೇಕು? ಕಣದಲ್ಲಿ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು 22 ಎಕರೆ ರೋಬಸ್ಟಾ ಕಾಫಿ ತೋಟ. ಸುತ್ತಲಿನ ಸಣ್ಣ ಬೆಳೆಗಾರರಿಂದಲೂ ಹಣ್ಣು ಕೊಂಡು, ನಮ್ಮ ಕಣದಲ್ಲೇ ಒಣಗಿಸಿ ಮಾರುತ್ತೇವೆ. ಮೊನ್ನೆ ಒಂದು ಕಂಪನಿಯವರು ಬಂದಿದ್ದರು. ಮಣ್ಣಿನ ತೇವ, ಮಳೆ, ಮೋಟಾರು, ಗೋಡೌನು ಎಲ್ಲಕ್ಕೂ ಸೆನ್ಸರ್ ಹಾಕಿ ಮೊಬೈಲ್‌ನಲ್ಲೇ ತೋರಿಸುತ್ತಾರಂತೆ. ಮಗ ಹಾಕಿಸೋಣ ಅನ್ನುತ್ತಾನೆ. ನನಗೆ ಧೈರ್ಯ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಕಡೆ ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ, ಅಲ್ವಾ? ಅದನ್ನು ನೋಡಿದ ಕೂಡಲೇ ಆ ಕಡೆಗೆ ಆಳು ಕಳಿಸುವುದನ್ನು ನಿಲ್ಲಿಸುತ್ತೀರಿ. ಸೆನ್ಸರ್ ಕೊಳ್ಳುವಾಗಲೂ ಅದನ್ನೇ ಕೇಳಿಕೊಳ್ಳಿ. ಇದು ಹೇಳಿದ್ದನ್ನು ನೋಡಿ ನಾಳೆ ಬೆಳಿಗ್ಗೆ ನಾನು ಬೇರೆ ಏನು ಮಾಡುತ್ತೇನೆ? ಉತ್ತರ ಹೊಳೆಯದಿದ್ದರೆ ಆ ಸೆನ್ಸರ್ ಈಗ ಬೇಡ.

ನಿಮ್ಮ ವ್ಯಾಪಾರದಲ್ಲಿ ದುಡ್ಡು ಸೋರುವುದು ಕಣದಲ್ಲಿ. ರೋಬಸ್ಟಾ ಚೆರ್ರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣನ್ನು, ಶೇ. 11 ತೇವಕ್ಕೆ ಒಣಗಿಸಬೇಕು. ಮುಷ್ಟಿ ತುಂಬ ಚೆರ್ರಿ ತೆಗೆದು, ಕಿವಿ ಹತ್ತಿರ ಅಲ್ಲಾಡಿಸಿ, ಗಲಗಲ ಸದ್ದು ಬಂದರೆ ಒಣಗಿದೆ ಅನ್ನುವ ಮೇಸ್ತ್ರಿಯ ಅಂದಾಜನ್ನು ನಾನು ತೆಗೆದುಹಾಕುವುದಿಲ್ಲ. ಆದರೆ 11ಕ್ಕೂ 9ಕ್ಕೂ ಇರುವ ವ್ಯತ್ಯಾಸ ಕಿವಿಗೆ ಗೊತ್ತಾಗುವುದಿಲ್ಲ. 11ರಲ್ಲಿ 50 ಕೆ.ಜಿ. ತೂಗುವ ಮೂಟೆ 9ಕ್ಕೆ ಒಣಗಿದರೆ 48.9 ಕೆ.ಜಿ.ಗೆ ಇಳಿಯುತ್ತದೆ. 200 ಮೂಟೆಗೆ ಲೆಕ್ಕ ಹಾಕಿ. ಸುಮಾರು 220 ಕೆ.ಜಿ., ಅಂದರೆ ನಾಲ್ಕು ಮೂಟೆಗಿಂತ ಜಾಸ್ತಿ, ಸುಮ್ನೆ ಬಿಸಿಲಿಗೆ ಹೋಯಿತು. ತೇವ ಉಳಿದರೆ ಇನ್ನೂ ಕಷ್ಟ, ಗೋಡೌನಿನಲ್ಲಿ ಬೂಷ್ಟು ಹಿಡಿಯುತ್ತದೆ.

ಹಾಗಾಗಿ ಮೊದಲು ಮೊಬೈಲಿಗೆ ಲೆಕ್ಕ ಕಳಿಸುವ ಒಂದು ಒಳ್ಳೆಯ ಮಾಯಿಶ್ಚರ್ ಮೀಟರ್ (ತೇವ ಅಳೆಯುವ ಯಂತ್ರ) ತನ್ನಿ. ಅದು ಚೆರ್ರಿಗೆ ಹೊಂದಿಸಿದ್ದೋ, ಸಿಪ್ಪೆ ತೆಗೆದ ಬೀಜಕ್ಕೋ ಎಂದು ಕೇಳಿಯೇ ಕೊಳ್ಳಿ. ಅಲ್ಲಿ ತಪ್ಪಿದರೆ ಎಲ್ಲ ಅಂಕಿಯೂ ತಪ್ಪು. ಟಾರ್ಪಾಲಿನ ಕೆಳಗೆ ಕೈ ಹಾಕಿ ನೋಡಿ, ರಾಶಿಯ ಮೇಲೆ ಗರಿಗರಿ, ಒಳಗೆ ತಣ್ಣಗೆ ಇರುತ್ತದೆ. ಐದಾರು ಕಡೆಯಿಂದ ತೆಗೆದು ಬೆರೆಸಿ ಅಳೆಯಿರಿ. ಯಾರ ಹಣ್ಣು, ತಂದಾಗ ಎಷ್ಟು ತೂಕ, ಒಣಗಿ ಎಷ್ಟಾಯಿತು ಎಂಬುದೂ ಜೊತೆಗೇ ದಾಖಲಾಗಲಿ. ಮುಂದಿನ ವರ್ಷ ಯಾರ ಹಣ್ಣಿಗೆ ಎಷ್ಟು ಬೆಲೆ ಕೊಡಬಹುದು ಎಂದು ಒಂದೇ ಸುಗ್ಗಿಯಲ್ಲಿ ತಿಳಿಯುತ್ತದೆ.

ಎರಡನೆಯದು ಮೊಬೈಲ್ ಸ್ಟಾರ್ಟರ್, ಅಂದರೆ ಮನೆಯಲ್ಲೇ ಕೂತು ಫೋನಿನಿಂದ ಮೋಟಾರು ಹಾಕುವ, ನಿಲ್ಲಿಸುವ ಸಾಧನ. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಲೇಬೇಕು. ರಾತ್ರಿ ಕರೆಂಟು ಬಂತೆಂದು ಟಾರ್ಚ್ ಹಿಡಿದು ಕೆರೆ ಹತ್ತಿರ ಯಾರೂ ಹೋಗಬಾರದು, ಅದೂ ಆನೆ ಓಡಾಡುವ ಊರಿನಲ್ಲಿ. ನೀರು ಖಾಲಿಯಾದರೆ ಮೋಟಾರು ತಾನೇ ನಿಲ್ಲುವಂಥದ್ದನ್ನೇ ಕೇಳಿ.

ಮಣ್ಣಿನ ಸೆನ್ಸರ್ ಮುಂದಿನ ವರ್ಷ ನೋಡೋಣ. ಮಳೆಯದ್ದಂತೂ ಅವಸರವೇ ಇಲ್ಲ. ನಿಮ್ಮ ಮನೆಯಲ್ಲಿ ಹಿರಿಯರು ಇಂಚಿನಲ್ಲಿ ಬರೆದಿಟ್ಟ ಮಳೆ ಪುಸ್ತಕ ಇದ್ದರೆ ಅದೂ ಡೇಟಾನೇ! ಅದನ್ನು ಮಗನ ಕೈಲಿ ಎಕ್ಸೆಲ್‌ಗೆ ಹಾಕಿಸಿ.

ಕಂಪನಿಯವರ ಹತ್ತಿರ ಕೆಲವು ಮಾತು ಬರವಣಿಗೆಯಲ್ಲೇ ಆಗಲಿ. ಸಿಮ್ ಸಿಗ್ನಲ್ ಇಲ್ಲದ ಹಳ್ಳದಲ್ಲಿ ಸೆನ್ಸರ್ ಹೇಗೆ ಮಾತಾಡುತ್ತದೆ? ಸಿಮ್ ಇಲ್ಲದೆ ದೂರಕ್ಕೆ ಅಂಕಿ ಕಳಿಸುವ ಲೋರಾ ರೇಡಿಯೋ ಇದ್ದರೆ ಒಳ್ಳೆಯದು, ನಮ್ಮಲ್ಲಿ ಅದು ಬಳಸುವ 865–867 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಕಿಲ್ಲ. ಜುಲೈ ಮಳೆಯಲ್ಲಿ, ಮರದ ನೆರಳಲ್ಲಿ ಸೋಲಾರ್ ಬ್ಯಾಟರಿ ಎಷ್ಟು ದಿನ ಬರುತ್ತದೆ? ಎರಡನೇ ವರ್ಷದಿಂದ ಬಾಡಿಗೆ ಎಷ್ಟು? ಅವರ ಸೇವೆ ಬಿಟ್ಟರೆ ನಮ್ಮ ಲೆಕ್ಕವೆಲ್ಲ ನಮ್ಮ ಕೈಗೆ ಸಿಗುತ್ತದಾ?

ತೋಟದ ಗಡಿಯನ್ನು ಜಿಪಿಎಸ್‌ನಲ್ಲಿ ಈಗಲೇ ಗುರುತಿಸಿ. ಯುರೋಪ್ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮದಲ್ಲಿ ಕಾಫಿಯೂ ಇದೆ. ಅದರ ಪ್ರಕಾರ ಯುರೋಪಿಗೆ ಹೋಗುವ ಕಾಫಿ ಬೆಳೆದ ಜಾಗ ಯಾವುದೆಂದು ತೋರಿಸಬೇಕು. 4 ಹೆಕ್ಟೇರ್ ದಾಟಿದರೆ ಪೂರ್ತಿ ಗಡಿ ಬೇಕು, ನಿಮ್ಮದು ಸುಮಾರು 9 ಹೆಕ್ಟೇರ್. ನಿಮಗೆ ಹಣ್ಣು ಕೊಡುವವರ ಜಮೀನಿನದ್ದೂ ಬೇಕಾಗುತ್ತದೆ. ಆದರೆ ಅವರ ಗಡಿ, ಫೋನ್ ನಂಬರ್ ಕಂಪನಿಗೆ ಕೊಡುವ ಮೊದಲು ಅವರ ಮನೆಗೇ ಹೋಗಿ, ಯಾಕೆ ಬೇಕು ಎಂದು ಹೇಳಿ, ಒಪ್ಪಿಗೆ ಕೇಳಿ.